ಶ್ರಾವಕನ ಕಿಸೆಯ ಚಾಕು: ಅಲಗು ಮತ್ತು ಹಿಡಿಯ ವಿವೇಕ

ಜೈನನಾದವನು ಕಿಸೆಯಲ್ಲಿ ಚಾಕು ಇಟ್ಟುಕೊಳ್ಳುವುದು ಯುಕ್ತವೇ ಎಂಬ ಪ್ರಶ್ನೆ ಈಚೆಗೆ ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ತೋಟ ನೋಡಿಕೊಳ್ಳುವ, ಕಾರ್ಖಾನೆಯಲ್ಲಿ ದುಡಿಯುವ, ಬೆಟ್ಟಗುಡ್ಡಗಳ ಚಾರಣಕ್ಕೆ ಹೋಗುವ ತರುಣರು ಮಡಿಸುವ ಚಾಕುವೊಂದನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಹಿರಿಯರು ಅದನ್ನು ಕಂಡು "ಅಹಿಂಸೆಯೇ ಕುಲಧರ್ಮವಾದವರಿಗೆ ಆಯುಧವೇಕೆ?" ಎನ್ನುತ್ತಾರೆ. ಕಿರಿಯರು "ಅಡುಗೆಮನೆಯ ಈಳಿಗೆಮಣೆ ಆಯುಧವಲ್ಲವೇ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ನಾಲ್ಕು ದಶಕಗಳ ಕಾಲ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡಿಕೊಂಡು, ಬಿಡುವಿನಲ್ಲಿ ಶ್ರಾವಕಾಚಾರ ಗ್ರಂಥಗಳನ್ನು ಓದಿಕೊಂಡು ಬಂದ ನನಗೆ ತೋರಿದ್ದು ಇಷ್ಟು: ನಾವು ಚಾಕುವಿನ ಹರಿತವಾದ ಅಂಚಿಗೆ ಹೆದರುತ್ತೇವೆ. ಆದರೆ ಅದರ ಹಿಂಸೆ ಬಹುಮಟ್ಟಿಗೆ ನಾವು ನೋಡದ ಎಡೆಗಳಲ್ಲಿ, ಅಂದರೆ ಹಿಡಿಯ ವಸ್ತುವಿನಲ್ಲಿ, ಮಡಿಕೆಯ ಸಂದಿನಲ್ಲಿ ಮತ್ತು ಕೊಳ್ಳುವವನ ಮನಸ್ಸಿನಲ್ಲಿ ಅಡಗಿರುತ್ತದೆ. ಆದಕಾರಣ ಚಾಕು ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಎಂತಹ ಚಾಕು ಎಂಬ ಪ್ರಶ್ನೆಯನ್ನು ವಿಚಾರಿಸುವುದು ಹೆಚ್ಚು ಪ್ರಯೋಜನಕರ.

ಶಾಸ್ತ್ರದ ದೃಷ್ಟಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಹಿಂಸಾದಾನವನ್ನು ಒಂದಾಗಿ ಹೇಳಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಆಯುಧ, ಸರಪಣಿ ಮುಂತಾದ ವಧಕಾರಣಗಳಾದ ವಸ್ತುಗಳನ್ನು ಕೊಡುವುದು ಹಿಂಸಾದಾನ. ಈ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಖಡ್ಗದ ಜೊತೆಯಲ್ಲಿಯೇ ಗುದ್ದಲಿಯೂ ಬೆಂಕಿಯೂ ಇವೆ. ಬೆಂಕಿಯಿಲ್ಲದೆ ಗೃಹಸ್ಥನ ಒಲೆ ಉರಿಯದು, ಗುದ್ದಲಿಯಿಲ್ಲದೆ ತೋಟವಿಲ್ಲ. ಹಾಗಾದರೆ ಆಚಾರ್ಯರು ನಿಷೇಧಿಸಿದ್ದು ಕೇವಲ ವಸ್ತುವನ್ನಲ್ಲ. ಪ್ರಯೋಜನವಿಲ್ಲದೆ, ವಿವೇಚನೆಯಿಲ್ಲದೆ, ವಧಕ್ಕೆ ಕಾರಣವಾಗುವಂತೆ ಅದನ್ನು ಕೊಡುವುದನ್ನು. ಅನರ್ಥ ಎಂಬ ಶಬ್ದವೇ ಇದನ್ನು ಸೂಚಿಸುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಮೂಲದಲ್ಲಿ ಪ್ರಮಾದವನ್ನು ಇಟ್ಟಿರುವುದೂ ಇಲ್ಲಿ ಸ್ಮರಣೀಯ.

ಇನ್ನು ಚಾಕು ಜೀವರಕ್ಷಣೆಯ ಉಪಕರಣವೂ ಹೌದು ಎಂಬುದನ್ನು ನಮ್ಮ ಮನೆಯ ಹೆಂಗಸರು ಶಾಸ್ತ್ರಿಗಳಿಗಿಂತ ಚೆನ್ನಾಗಿ ಬಲ್ಲರು. ಹಣ್ಣನ್ನು ಇಡಿಯಾಗಿ ಕಚ್ಚದೆ ಸೀಳಿ, ಒಳಗೆ ಹುಳುವಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಳಸುವುದು ನಮ್ಮ ಪರಂಪರೆಯ ಶೋಧನಕ್ರಮ. ಹೀರೇಕಾಯಿ, ಅವರೆ, ಮಾವು, ಸೀಬೆ ಎಲ್ಲವನ್ನೂ ಹೀಗೆಯೇ ಪರೀಕ್ಷಿಸುತ್ತೇವೆ. ತೆಳುವಾದ, ಹರಿತವಾದ ಅಲಗು ಸಿಪ್ಪೆಯನ್ನಷ್ಟೇ ಮೃದುವಾಗಿ ಬಿಡಿಸಿ ಒಳಗಿನ ಜೀವವನ್ನು ಕಾಣಿಸುತ್ತದೆ. ಮೊಂಡಾದ ಅಲಗು ಹಣ್ಣನ್ನೂ ಹುಳುವನ್ನೂ ಒಟ್ಟಿಗೆ ಜಜ್ಜುತ್ತದೆ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು. ಬಲ ಹೆಚ್ಚಾದಾಗ ಕೈ ಜಾರುತ್ತದೆ. ಚಾಕುವನ್ನು ಮಸೆಯದೆ ಬಿಡುವುದು ಅಹಿಂಸೆಯ ಲಕ್ಷಣವಲ್ಲ, ಪ್ರಮಾದದ ಲಕ್ಷಣ.

ಅಲಗಿನ ಉಕ್ಕು

ಉಕ್ಕೆಂದರೆ ಕಬ್ಬಿಣದೊಡನೆ ಅಲ್ಪ ಪ್ರಮಾಣದ ಇಂಗಾಲ ಸೇರಿದ ಲೋಹ. ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ಹಿರಿಯ ಸ್ಥಾನವಿದೆ. ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣ ಭಾರತದ ಕುಲುಮೆಗಳಲ್ಲಿ ಕಬ್ಬಿಣವನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ತೆಗೆಯುತ್ತಿದ್ದ ಉಕ್ಕು ಯುರೋಪಿನಲ್ಲಿ ವೂಟ್ಜ್ ಎಂದು ಪ್ರಸಿದ್ಧವಾಯಿತು. ಆ ಹೆಸರು ಕನ್ನಡದ ಉಕ್ಕು ಶಬ್ದದಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಪರೀಕ್ಷೆಯ ಪ್ರಬಂಧ ಒಪ್ಪಿಸಿದರು. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕುಗಾರರು ಅದರಿಂದ ಮಾಡಿ ನೋಡಿದ ವಸ್ತು ಕತ್ತಿಯಲ್ಲ, ಈಟಿಯಲ್ಲ. ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡುವ ಪುಟ್ಟ ಚಾಕು. ಒಂದೇ ಉಕ್ಕು ಯುದ್ಧಕ್ಕೂ ಒದಗಿತು, ಅಕ್ಷರಕ್ಕೂ ಒದಗಿತು.

ಇಂದು ಅಂಗಡಿಯಲ್ಲಿ ದೊರೆಯುವ ಅಲಗುಗಳನ್ನು ಸ್ಥೂಲವಾಗಿ ಮೂರು ವರ್ಗ ಮಾಡಬಹುದು. ಮೊದಲನೆಯದು ಸಾದಾ ಇಂಗಾಲದ ಉಕ್ಕು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಆರಂಭಿಸಿದ ರೈತರ ಚಾಕುಗಳಲ್ಲಿ ಇಂದಿಗೂ ಇದನ್ನು ಕಾಣಬಹುದು. ಇಂಗಾಲ ಶೇಕಡ 0.9ರ ಸಮೀಪ. ಸಾಮಾನ್ಯ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತವಾಗುತ್ತದೆ. ಆದರೆ ನಿಂಬೆ, ಮಾವಿನಕಾಯಿ, ಹಸಿ ಅಡಿಕೆ ತಗುಲಿದರೆ ಕಪ್ಪಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಇದನ್ನು ಇಟ್ಟುಕೊಳ್ಳುವವನು ನಿತ್ಯ ಒರೆಸಿ ಎಣ್ಣೆ ಸವರುವ ಶಿಸ್ತುಳ್ಳವನಾಗಿರಬೇಕು.

ಎರಡನೆಯದು ತುಕ್ಕು ಹಿಡಿಯದ, ಅಥವಾ ಬಲು ನಿಧಾನವಾಗಿ ಹಿಡಿಯುವ, ಸ್ಟೇನ್‌ಲೆಸ್ ಉಕ್ಕು. ಇದರ ಜನ್ಮವೃತ್ತಾಂತ ವಿಚಾರಾರ್ಹವಾಗಿದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬುವರು ಬಂದೂಕಿನ ನಳಿಗೆ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತಿದ್ದರು. ಸುಮಾರು ಶೇಕಡ 13 ಕ್ರೋಮಿಯಂ ಬೆರೆಸಿದ ಉಕ್ಕು ಆಮ್ಲಕ್ಕೂ ಕರಗದೆ ನಿಂತುದನ್ನು ಕಂಡ ಅವರು, ಇದು ಊಟದ ಮೇಜಿನ ಚಾಕುವಿಗೆ ಯೋಗ್ಯವೆಂದು ಕಂಡುಕೊಂಡರು. ಬಂದೂಕಿಗಾಗಿ ಹುಡುಕಿದ ಲೋಹ ಅಡುಗೆಮನೆ ಸೇರಿತು. ವಸ್ತುವಿನ ಹುಟ್ಟು ಅದರ ಗತಿಯನ್ನು ನಿರ್ಣಯಿಸುವುದಿಲ್ಲ. ಬಳಸುವವನ ಭಾವವೇ ನಿರ್ಣಾಯಕ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಕೆಂಪು ಚಾಕುಗಳಲ್ಲಿ ಇಂಗಾಲ ಅರ್ಧ ಶೇಕಡದ ಆಸುಪಾಸು, ಕ್ರೋಮಿಯಂ 15ರ ಆಸುಪಾಸು. ರಾಕ್‌ವೆಲ್ ಮಾಪನದಲ್ಲಿ ಗಡಸುತನ ಸುಮಾರು 56. ಅಂಚು ಬೇಗ ಮೊಂಡಾಗುತ್ತದೆ, ಆದರೆ ಅಷ್ಟೇ ಸುಲಭವಾಗಿ ಮತ್ತೆ ಹರಿತವಾಗುತ್ತದೆ. ನೀರಿನಲ್ಲಿ ತೊಳೆದರೆ ಕೆಡುವುದಿಲ್ಲ.

ಮೂರನೆಯದು ಪುಡಿಯಿಂದ ಒತ್ತಿ ಮಾಡುವ ಬೆಲೆಬಾಳುವ ಉಕ್ಕುಗಳು. ಎಸ್30ವಿ ಎಂಬುದರಲ್ಲಿ ಇಂಗಾಲ 1.45, ಕ್ರೋಮಿಯಂ 14, ವನೇಡಿಯಂ 4 ಶೇಕಡ ಇರುತ್ತವೆ. ವನೇಡಿಯಂ ಇಂಗಾಲದೊಡನೆ ಕೂಡಿ ಕಲ್ಲಿಗಿಂತ ಗಟ್ಟಿಯಾದ ಕಣಗಳಾಗುವುದರಿಂದ ಅಂಚು ಬಹುಕಾಲ ಉಳಿಯುತ್ತದೆ. ಅದೇ ಕಾರಣದಿಂದ ಒಮ್ಮೆ ಮೊಂಡಾದರೆ ಮನೆಯ ಸಾಣೆಕಲ್ಲಿಗೆ ಬಗ್ಗುವುದಿಲ್ಲ. ವಜ್ರದ ಪುಡಿ ಹಚ್ಚಿದ ಸಾಣೆ ಬೇಕು. ದಿನವಿಡೀ ಹಗ್ಗ, ರಟ್ಟು, ರಬ್ಬರು ಕತ್ತರಿಸುವ ಕಾರ್ಮಿಕನಿಗೆ ಇದು ಸಾರ್ಥಕ. ದಿನಕ್ಕೆರಡು ಹಣ್ಣು, ಒಂದು ದಾರದ ಗಂಟು ಕತ್ತರಿಸುವವನಿಗೆ ಇದು ಅಗತ್ಯವಲ್ಲ, ಅಭಿಮಾನ. ನಾಲ್ಕು ಕಷಾಯಗಳಲ್ಲಿ ಮಾನವು ಕಿಸೆಯೊಳಗೂ ಸೇರಿಕೊಳ್ಳಬಲ್ಲದು.

ಹೀಗಿರಲು ಸಾಮಾನ್ಯ ಗೃಹಸ್ಥನಿಗೆ ಎರಡನೆಯ ವರ್ಗದ, ತೆಳುವಾದ, ಮೂರು ಅಂಗುಲ ಮೀರದ ಅಲಗೇ ಯೋಗ್ಯವೆಂದು ನನ್ನ ಅಭಿಪ್ರಾಯ. ಇದಕ್ಕೆ ಧರ್ಮಸಂಬಂಧವಾದ ಒಂದು ಕಾರಣವೂ ಇದೆ. ಮಡಿಸುವ ಚಾಕುವಿನಲ್ಲಿ ಅಲಗು ಒಳಹೋಗುವ ಸಂದಿದೆ. ಹಣ್ಣಿನ ರಸ, ಬೆಲ್ಲದ ಚೂರು, ತೆಂಗಿನ ಹಾಲು ಆ ಸಂದಿನಲ್ಲಿ ಕೂತರೆ ಇರುವೆಗಳು ಬರುತ್ತವೆ; ಒದ್ದೆ ಉಳಿದರೆ ಬೂಸು ಕಟ್ಟುತ್ತದೆ, ಸಮ್ಮೂರ್ಛನ ಜೀವಗಳ ಉತ್ಪತ್ತಿಗೆ ಎಡೆಯಾಗುತ್ತದೆ. ಮರುದಿನ ಚಾಕುವನ್ನು ತೆರೆದು ಮುಚ್ಚುವವನು ತಿಳಿಯದೆ ಎಷ್ಟು ಜೀವಗಳನ್ನು ಒತ್ತಿಹಾಕುತ್ತಾನೋ! ಅಂಚಿನಿಂದ ಒಂದೂ ಪ್ರಾಣಿಯನ್ನು ನೋಯಿಸದ ಶ್ರಾವಕನು ಸಂದಿನಿಂದ ನಿತ್ಯ ನೋಯಿಸುತ್ತಿರಬಹುದು. ಆದಕಾರಣ ತೊಳೆಯಬಲ್ಲ ಉಕ್ಕು, ಬೆನ್ನು ತೆರೆದಿರುವ ಹಿಡಿ, ಬಟ್ಟೆಯ ಅಂಚು ಒಳಹೋಗಿ ಹೊರಬರುವಷ್ಟು ಎಡೆ, ಇವನ್ನು ನೋಡಿ ಆರಿಸಬೇಕು. ಬಳಸಿದ ಕೂಡಲೆ ಒರೆಸಿ, ಒಣಗಿದ ಮೇಲೆಯೇ ಮಡಿಸಬೇಕು.

ಹಿಡಿಯ ವಸ್ತು

ಅಲಗನ್ನು ಕೆಲಸವು ನಿರ್ಣಯಿಸಿದರೆ ಹಿಡಿಯನ್ನು ಧರ್ಮವು ನಿರ್ಣಯಿಸಬೇಕು. ಚಾಕು ಮಾಡುವವರು ಶತಮಾನಗಳಿಂದ ಹಿಡಿಗೆ ಆನೆಯ ದಂತ, ಕಡವೆಯ ಕೊಂಬು, ದನದ ಕಾಲಿನ ಮೂಳೆ, ಎಮ್ಮೆಯ ಕೊಂಬು, ಮುತ್ತಿನ ಚಿಪ್ಪು, ಆಮೆಯ ಚಿಪ್ಪುಗಳನ್ನು ಬಳಸಿದ್ದಾರೆ. ಶೆಫೀಲ್ಡಿನ ಕಾರ್ಖಾನೆಗಳಿಗೆ ಕಡವೆಯ ಕೊಂಬು ಭಾರತದಿಂದಲೇ ಹಡಗು ಹತ್ತುತ್ತಿತ್ತು. ಹೇಮಚಂದ್ರಾಚಾರ್ಯರು ಹನ್ನೆರಡನೆಯ ಶತಮಾನದ ಯೋಗಶಾಸ್ತ್ರದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ವ್ಯಾಪಾರಗಳನ್ನು ಹೇಳುವಾಗ ದಂತವಾಣಿಜ್ಯದಲ್ಲಿ ಆನೆಯ ದಂತವನ್ನು ಮಾತ್ರವಲ್ಲದೆ ಉಗುರು, ಮೂಳೆ, ಚರ್ಮಗಳನ್ನೂ ಸೇರಿಸಿದ್ದಾರೆ. ಲೋಕದ ಕಾನೂನು ಈ ಮಾತಿನ ಒಂದಂಶವನ್ನು ಒಪ್ಪಲು ಎಂಟು ಶತಮಾನ ಬೇಕಾಯಿತು: ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ನಿರ್ಣಯವಾದದ್ದು 1989ರಲ್ಲಿ, ಭಾರತದಲ್ಲಿ ಆಮದಾದ ದಂತದ ವ್ಯಾಪಾರಕ್ಕೂ ತಡೆ ಬಿದ್ದದ್ದು 1991ರ ತಿದ್ದುಪಡಿಯಿಂದ.

ದಂತ, ಮೂಳೆ, ಚಿಪ್ಪುಗಳ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿರಲಾರದು. ಕಠಿಣವಾದ ಪ್ರಶ್ನೆ ಕೊಂಬಿನದು. ಕಡವೆ ಮತ್ತು ಜಿಂಕೆಗಳ ಕವಲುಗೊಂಬು ಕಾಲಕಾಲಕ್ಕೆ ತಾನಾಗಿ ಉದುರಿ ಹೊಸದು ಬೆಳೆಯುತ್ತದೆ. "ಉದುರಿದ ಕೊಂಬನ್ನು ಆಯ್ದರೆ ಹಿಂಸೆಯೆಲ್ಲಿ? ನಮ್ಮ ದಿಗಂಬರ ಮುನಿಗಳ ಪಿಂಛಿಯೂ ನವಿಲು ಉದುರಿಸಿದ ಗರಿಯದೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಉಡಾಫೆಯದಲ್ಲ, ಉತ್ತರವೂ ಹಾಗಿರಬಾರದು.

ತಾನಾಗಿ ಸತ್ತ ಪ್ರಾಣಿಯ ಮಾಂಸವೂ ನಿರ್ದೋಷವಲ್ಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತೋರಿಸಿದ್ದಾರೆ. ಆದರೆ ಅಲ್ಲಿನ ಕಾರಣ ಮಾಂಸದಲ್ಲಿ ಹುಟ್ಟುವ ನಿಗೋದ ಜೀವಗಳು. ಒಣಗಿದ ಕೊಂಬಿಗೆ ಆ ವಾದವನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ. ಬೇರೆ ಮೂರು ಕಾರಣಗಳನ್ನು ನೋಡಬೇಕು. ಮೊದಲನೆಯದು, ಪಿಂಛಿಯ ಪ್ರಯೋಜನವೇ ಜೀವರಕ್ಷಣೆ. ಸೂಕ್ಷ್ಮ ಜೀವಿಗಳನ್ನು ನೋಯಿಸದೆ ಸರಿಸಲು ಅದರಷ್ಟು ಮೃದುವಾದ ಬೇರೆ ಉಪಕರಣವಿಲ್ಲ. ಚಾಕುವಿನ ಹಿಡಿಗೆ ಕೊಂಬೇ ಆಗಬೇಕೆಂಬ ಪ್ರಯೋಜನವಿಲ್ಲ, ಅಲಂಕಾರವಷ್ಟೇ ಇದೆ. ಎರಡನೆಯದು, ಹಿಡಿಯಾಗಿ ಕೊರೆದು ಉಜ್ಜಿದ ಮೇಲೆ ಉದುರಿದ ಕೊಂಬಾವುದು, ಕೊಂದ ಕಡವೆಯ ಕೊಂಬಾವುದು ಎಂದು ಕೊಳ್ಳುವವನು ಹೇಳಲಾರ. ವ್ಯಾಪಾರಿಯಾಗಿ ನಾನು ಬಲ್ಲೆ: ಬಿಲ್ಲಿನಲ್ಲಿ ವಸ್ತುವಿನ ಹೆಸರಿರುತ್ತದೆ, ದರವಿರುತ್ತದೆ, ಅದು ಯಾವ ಕಾಡಿನಿಂದ, ಹೇಗೆ ಬಂತೆಂಬ ಕಾಲಮು ಇರುವುದಿಲ್ಲ. ಬೇಡಿಕೆ ಹುಟ್ಟಿದ ಮೇಲೆ ಉದುರುವ ತನಕ ಕಾಯುವ ತಾಳ್ಮೆ ಮಾರುಕಟ್ಟೆಗಿಲ್ಲ. ಕೃತದಲ್ಲಿ ಇಲ್ಲದ ದೋಷ ಕಾರಿತ, ಅನುಮೋದನೆಗಳಲ್ಲಿ ಬಂದು ಸೇರುತ್ತದೆ. ನಮ್ಮ ದೇಶದ ಕಾನೂನು ಈ ಕೊಂಬುಗಳ ವ್ಯಾಪಾರವನ್ನು ತಡೆದಿರುವುದಕ್ಕೂ ಇದೇ ಹಿನ್ನೆಲೆ. ಮೂರನೆಯದು, ಕಾಡಿನಲ್ಲಿ ಬಿದ್ದ ಕೊಂಬು ವ್ಯರ್ಥವಲ್ಲ. ಮುಳ್ಳುಹಂದಿ ಮುಂತಾದ ಪ್ರಾಣಿಗಳು ಸುಣ್ಣದ ಅಂಶಕ್ಕಾಗಿ ಅದನ್ನು ಕಡಿದು ತಿನ್ನುತ್ತವೆ. ನಮಗೆ ಬಿದ್ದದ್ದಾಗಿ ಕಾಣುವುದು ಮತ್ತೊಂದು ಜೀವಕ್ಕೆ ಆಹಾರ.

ಇನ್ನು ಕೊಂಬನ್ನೋ ದಂತವನ್ನೋ ಹೋಲುವಂತೆ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಹಿಡಿ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ವಾಚಕರಿಗೆ ತಿಳಿದದ್ದೇ. ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನಾದರೂ ಸಂಕಲ್ಪಹಿಂಸೆಯ ಫಲವನ್ನು ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಉಂಡರು. ಕೃತಕ ದಂತದ ಹಿಡಿ ಹಿಡಿದವನಿಗೆ ಕೊಲ್ಲುವ ಸಂಕಲ್ಪವಿಲ್ಲ. ಆದುದರಿಂದ ಎರಡನ್ನೂ ಸಮವೆನ್ನುವುದು ಅತಿಯಾದೀತು. ಚರಿತ್ರೆಯೂ ಈ ಕೃತಕ ವಸ್ತುವಿನ ಪರವಾಗಿ ಸಾಕ್ಷಿ ಹೇಳುತ್ತದೆ. ಬಿಲಿಯರ್ಡ್ಸ್ ಆಟದ ದಂತದ ಚೆಂಡಿಗೆ ಬದಲಿ ಹುಡುಕುತ್ತಲೇ ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರಲ್ಲಿ ಸೆಲ್ಯುಲಾಯ್ಡಿಗೆ ಪೇಟೆಂಟ್ ಪಡೆದರು. ಆದರೂ ದಂತವನ್ನು ಹೋಲುವುದೇ ಸೌಂದರ್ಯವೆಂದು ಮೆಚ್ಚುವ ಕಣ್ಣು ನಿಜವಾದ ದಂತವನ್ನೂ ಮೆಚ್ಚುತ್ತಿರುತ್ತದೆ. ತಾನು ಏನೋ ಅದಾಗಿಯೇ ಕಾಣುವ ಸರಳವಾದ ಹಿಡಿ ಶ್ರೇಯಸ್ಕರ.

ಹಾಗಾದರೆ ಯಾವುದು? ಮರವು ಮೊದಲಿಗೆ ನೆನಪಾಗುತ್ತದೆ. ಕೈಗೆ ಬೆಚ್ಚಗೆ, ಹಗುರ, ಹಳೆಯದಾದಂತೆ ಚೆಲುವು. ಆದರೆ ಬೀಟೆ ಮರವನ್ನು ಬಯಸುವವರು ಆ ವೃಕ್ಷಜಾತಿಯ ಮೇಲೆ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಬಂದಿರುವುದನ್ನು ಅರಿಯಬೇಕು. ತೋಟದಲ್ಲಿ ಬೆಳೆದ ಮರದ, ಬಡಗಿಯಲ್ಲಿ ಮಿಕ್ಕ ತುಂಡು ಸಾಕು. ಅರಗಿನ ಮೆರುಗು ಬೇಡ. ಅರಗು ಕೀಟಗಳಿಂದ ಬರುವ ವಸ್ತು, ಲಾಕ್ಷಾವಾಣಿಜ್ಯವೂ ಆ ಹದಿನೈದರಲ್ಲಿ ಒಂದು. ಅಗಸೆ ಎಣ್ಣೆ ಹಚ್ಚಿ ಒಣಗಿಸಿದರೆ ಸಾಕಾಗುತ್ತದೆ. ಹಳೆಯ ಚೂರಿಗಳ ಅಲಗಿನ ಬುಡವನ್ನು ಹಿಡಿಯೊಳಗೆ ಅರಗಿನಿಂದ ಕೂರಿಸುವುದಿತ್ತು. ಮಡಿಸುವ ಚಾಕುವಿಗೆ ರಿವೆಟ್ಟು, ಸ್ಕ್ರೂಗಳಿರುವುದರಿಂದ ಆ ಪ್ರಮೇಯವಿಲ್ಲ. ಮರದ ದೋಷವೆಂದರೆ ನೀರು ಕುಡಿದು ಊದುತ್ತದೆ, ರಸವನ್ನು ಹೀರಿಕೊಳ್ಳುತ್ತದೆ.

ನೀರು ಹೀರದ ವಸ್ತು ಬೇಕಾದವರಿಗೆ ಹತ್ತಿಬಟ್ಟೆಯ ಪದರಗಳನ್ನು ರಾಳದಲ್ಲಿ ನೆನೆಸಿ ಒತ್ತಿದ ಮೈಕಾರ್ಟ, ಗಾಜಿನ ನೂಲಿನಿಂದ ಮಾಡಿದ ಜಿ10, ಅಲ್ಯುಮಿನಿಯಂ, ಸ್ಟೇನ್‌ಲೆಸ್ ಉಕ್ಕು ಇವೆ. ಪ್ರಾಣಿಯ ದೇಹದ ಅಂಶ ಇವುಗಳಲ್ಲಿಲ್ಲ. ಆದರೂ ಇವು ಪೂರ್ಣ ನಿರ್ದೋಷವೆಂದು ಹೇಳಲಾಗದು. ಗಾಜಿನ ನೂಲಿನ ಹಲಗೆಯನ್ನು ಉಜ್ಜುವಾಗ ಏಳುವ ಧೂಳು ಕಾರ್ಮಿಕನ ಶ್ವಾಸಕೋಶಕ್ಕೆ ಹಾನಿ. ಅಲ್ಯುಮಿನಿಯಂ, ಉಕ್ಕುಗಳ ಹಿಂದೆ ಗಣಿಯಿದೆ. ಕುದುರೆಮುಖದ ಕಾಡಿನ ನಡುವೆ 2005ರ ಕೊನೆಯವರೆಗೂ ನಡೆದ ಕಬ್ಬಿಣದ ಗಣಿಯನ್ನು ಕಾರ್ಕಳ, ಮೂಡಬಿದಿರೆಯ ಕಡೆಯ ವಾಚಕರು ಬಲ್ಲರು. ಪೂರ್ಣವಾಗಿ ಹಿಂಸೆಯಿಲ್ಲದ ವಸ್ತು ಗೃಹಸ್ಥನಿಗೆ ಲಭ್ಯವಿಲ್ಲ. ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಬಿಟ್ಟು ಉಳಿದುದನ್ನು ಕಡಿಮೆ ಮಾಡುತ್ತ ಹೋಗುವುದೇ ಅಣುವ್ರತದ ಮಾರ್ಗ. ಕಡಿಮೆ ಮಾಡುವ ನೇರವಾದ ಉಪಾಯವೆಂದರೆ ಒಂದೇ ಚಾಕುವನ್ನು ಆಯುಷ್ಯಪರ್ಯಂತ ಇಟ್ಟುಕೊಳ್ಳುವುದು. ಅಗ್ಗದ ಹತ್ತು ಚಾಕುಗಳನ್ನು ಎಸೆಯುವವನಿಗಿಂತ ಸ್ಕ್ರೂ ಬಿಚ್ಚಿ ಶುಚಿಮಾಡಿ, ಹಿಡಿ ಒಡೆದರೆ ಹೊಸ ಹಿಡಿ ಹಾಕಿಸಿ ಒಂದನ್ನೇ ಉಳಿಸಿಕೊಳ್ಳುವವನು ಪರಿಗ್ರಹಪರಿಮಾಣವನ್ನು ಪಾಲಿಸಿದಂತಾಯಿತು.

ದಾನ ಮತ್ತು ವ್ಯಾಪಾರ

ಕೊನೆಯದಾಗಿ ಅಂಗಡಿಯವರಿಗೆ ಹಾಗೂ ಬಸದಿಗಳ ಆಡಳಿತ ಮಂಡಳಿಗಳಿಗೆ ಎರಡು ಮಾತು. ಹೇಮಚಂದ್ರಾಚಾರ್ಯರ ಪಟ್ಟಿಯಲ್ಲಿ ವಿಷವಾಣಿಜ್ಯದೊಳಗೆ ಅಸ್ತ್ರವೂ ಇದೆ. ಆದರೆ ಅಲ್ಲಿ ಜೀವಘಾತಕವಾದ ಎಂಬ ವಿಶೇಷಣವಿದೆ. ಆದಕಾರಣ ಕೆಲಸದ ಚಾಕುವನ್ನೂ ಇರಿಯುವ ಚಾಕುವನ್ನೂ ವ್ಯಾಪಾರಿ ಬೇರ್ಪಡಿಸಬೇಕು. ನಮ್ಮ ದೇಶದ ಶಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗನ್ನು, ಮನೆ, ಕೃಷಿ, ಕೈಗಾರಿಕೆಗಳ ಬಳಕೆಯದಲ್ಲದಿದ್ದರೆ, ಶಸ್ತ್ರವೆಂದು ಎಣಿಸುತ್ತವೆ. ಶ್ರಾವಕನ ಗೆರೆ ಇದಕ್ಕಿಂತ ಬಿಗಿಯಾಗಿರಲಿ. ಗುಂಡಿ ಒತ್ತಿದರೆ ಚಿಮ್ಮುವ, ಎರಡು ಕಡೆ ಹರಿತವಿರುವ, ಭಯ ಹುಟ್ಟಿಸಲೆಂದೇ ರೂಪಿಸಿದ ಚಾಕು ನಮ್ಮ ಅಂಗಡಿಯಲ್ಲಿರಬಾರದು. ಕೊಳ್ಳಲು ಬಂದ ಹುಡುಗನು ಅಲಗನ್ನು ನೋಡುವ ರೀತಿಯಿಂದಲೇ ಅವನ ಉದ್ದೇಶವನ್ನು ಕೆಲವೊಮ್ಮೆ ಊಹಿಸಬಹುದು. ಸಂದೇಹ ಬಂದಲ್ಲಿ ಒಂದು ಗಿರಾಕಿ ಹೋದರೂ ಹಾನಿಯಿಲ್ಲ. ಬಸದಿಯಲ್ಲಿ ಎಳನೀರು, ಕಬ್ಬು, ಹೂವಿನ ದಾರ ಕತ್ತರಿಸಲು ಇಟ್ಟ ಚಾಕುವಿನ ಹಿಡಿ ಮೂಳೆಯದೋ ಕೊಂಬಿನದೋ ಎಂದು ಆಡಳಿತದವರು ಒಮ್ಮೆ ಪರಿಶೀಲಿಸಲಿ. ಹಳೆಯ ಸಾಮಾನುಗಳ ಪೈಕಿ ಅಂಥವು ಇರುವುದು ಅಸಂಭವವಲ್ಲ. ಯಾರಿಗಾದರೂ ಚಾಕುವನ್ನು ಉಡುಗೊರೆ ಕೊಡುವುದಿದ್ದರೆ ಅವರ ಕೆಲಸವನ್ನು ತಿಳಿದು, ಮಸೆಯುವ ಕಲ್ಲನ್ನೂ ಜೊತೆಗೆ ಕೊಡುವುದು ಒಳಿತು.

ಸ್ವಿಸ್ ಚಾಕುಗಳ ಪ್ರಸಿದ್ಧ ತಯಾರಕರು ಅಲಗೇ ಇಲ್ಲದ ಕಿಸೆ ಉಪಕರಣವೊಂದನ್ನು ರೂಪಿಸುತ್ತಿರುವುದಾಗಿ 2024ರಲ್ಲಿ ತಿಳಿಸಿದರು. ಕೆಲವು ದೇಶಗಳಲ್ಲಿ ಚಾಕು ಒಯ್ಯುವುದರ ಮೇಲೆ ನಿರ್ಬಂಧಗಳು ಬಿಗಿಯಾಗುತ್ತಿರುವುದು ಅದಕ್ಕೆ ಕಾರಣ. ಹಿರಿಯರಲ್ಲಿ ಕೆಲವರು ಇದೇ ಅಹಿಂಸೆಯ ಜಯವೆಂದು ಹಿಗ್ಗಬಹುದು. ಆ ಉಪಕರಣಕ್ಕೆ ಸ್ವಾಗತವಿರಲಿ. ಆದರೆ ಅಲಗನ್ನು ತೆಗೆದುಬಿಟ್ಟ ಮಾತ್ರಕ್ಕೆ ವಿವೇಕದ ಹೊಣೆ ಕಳೆಯುವುದಿಲ್ಲ. ಹಣ್ಣನ್ನು ಸೀಳಿ ಹುಳುವನ್ನು ಹೊರಗೆ ಬಿಡಲು ಅಲಗು ಬೇಕು. ಆ ಅಲಗು ಸಾಧಾರಣ ಉಕ್ಕಿನದಾಗಿ ಹರಿತವಾಗಿರಲಿ, ಹಿಡಿಯಲ್ಲಿ ಯಾವ ಪ್ರಾಣಿಯ ದೇಹವೂ ಇಲ್ಲದಿರಲಿ, ಮಡಿಸುವ ಮೊದಲು ಸಂದನ್ನು ನೋಡುವ ಅಭ್ಯಾಸವಿರಲಿ. ಕಿರಿಯರು ಇಷ್ಟನ್ನು ಪಾಲಿಸುವುದಾದರೆ ಹಿರಿಯರು ಆಕ್ಷೇಪಿಸಲು ಕಾರಣ ಕಾಣುವುದಿಲ್ಲ. ಸುಜ್ಞ ವಾಚಕರು ಇದನ್ನು ತಮ್ಮ ಮನೆಗಳಲ್ಲಿ ಚರ್ಚಿಸಿ, ಯುಕ್ತವೆನಿಸಿದ್ದನ್ನು ಗ್ರಹಿಸುವುದು.